ವ್ಯಾನಿನ ಫೋಟೋಕ್ಕೆ ಸ್ಕೇಲು ಹಿಡಿದರೆ

ಲಾರಿಯ ಹಿಂಬದಿಯಲ್ಲಿ ಬರೆದಿದ್ದನ್ನು ಓದದೆ ದೊಡ್ಡವರಾದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಕ್ಷರ ಕೂಡಿಸಿ ಓದುವುದನ್ನು ಬಸ್ಸಿನ ಬೋರ್ಡಿನಲ್ಲಿ, ಲಾರಿಯ ಹಲಗೆಯಲ್ಲಿ ರೂಢಿ ಮಾಡಿಕೊಂಡ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲೇ ನಮ್ಮ ಲಿಂಗದಹಳ್ಳಿ ಇರುವುದರಿಂದ ಓದುವುದಕ್ಕೆ ವಾಹನಗಳ ಕೊರತೆಯೂ ಇಲ್ಲ. ಅಡಿಕೆ ಮೂಟೆ ಹೊತ್ತ ಟಾಟಾ ಏಸ್, ಕಲ್ಲತ್ತಿಗಿರಿ ಜಲಪಾತಕ್ಕೆ ಹೊರಟ ಪ್ರವಾಸಿಗರ ಟೆಂಪೋ, ಶಾಲೆಯ ವ್ಯಾನು, ಕೆಂಪು ಬಸ್ಸು, ಎಲ್ಲವೂ ಮೈತುಂಬ ಅಕ್ಷರ ಹೊತ್ತು ಓಡಾಡುತ್ತವೆ. ಆದರೆ ಆ ಅಕ್ಷರಗಳು ಸರಿಯಾಗಿ ಅದೇ ಜಾಗದಲ್ಲಿ, ಅಷ್ಟೇ ಗಾತ್ರದಲ್ಲಿ ಹೇಗೆ ಕೂತವು ಎಂದು ಕೇಳುವವರು ಕಡಿಮೆ. ಈ ವಾರ ಅದನ್ನೇ ಕೇಳೋಣ. ಉತ್ತರದ ಬಹುಪಾಲು ನಿಮ್ಮ ಹತ್ತನೇ ತರಗತಿಯ ಗಣಿತದ ಪುಸ್ತಕದಲ್ಲೇ ಇದೆ ಎಂದರೆ ನಂಬುತ್ತೀರಾ?

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪೇಂಟರು ವಾಹನದ ಎದುರಿಗೇ ನಿಂತಿರುತ್ತಿದ್ದ. ಸುಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಎಳೆದು ಹಿಡಿದು ಫಟ್ಟನೆ ಮೀಟಿದರೆ ಬಾಗಿಲ ಮೇಲೆ ನೇರವಾದ ಬಿಳಿ ಗೆರೆ ಮೂಡುತ್ತಿತ್ತು. ಗೇಣಿನಲ್ಲೋ ಅಡಿಪಟ್ಟಿಯಲ್ಲೋ ಅಳೆದು, ಸೀಮೆಸುಣ್ಣದಲ್ಲಿ ಅಕ್ಷರದ ಗುರುತು ಹಾಕಿ, ಆಮೇಲೆ ಕುಂಚ ಹಿಡಿಯುತ್ತಿದ್ದ. ಒಂದೇ ಚಿತ್ರ ನಾಲ್ಕಾರು ಗಾಡಿಗೆ ಬೇಕಾದರೆ ದಪ್ಪ ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಅದನ್ನು ಗಾಡಿಗೆ ಒತ್ತಿ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಬಡಿಯುವ ಉಪಾಯವೂ ಇತ್ತು. ತೂತಿನ ತಗಡಿನಿಂದ ರಂಗೋಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲ ಹಿಡಿ ಎಲ್ಲಿದೆ, ಸಂದು ಎಲ್ಲಿದೆ ಎನ್ನುವುದು ಕಣ್ಣೆದುರೇ ಇದ್ದುದರಿಂದ ಅಕ್ಷರ ತಪ್ಪಿ ಬೀಳುವ ಭಯ ಇರಲಿಲ್ಲ.

ಈಗ ಕೆಲಸ ಬದಲಾಗಿದೆ. ಅಕ್ಷರವನ್ನು ಕಂಪ್ಯೂಟರಿನಲ್ಲಿ ರಚಿಸುತ್ತಾರೆ. ಅಂಟು ಬಳಿದ ವಿನೈಲ್ ಹಾಳೆಯನ್ನು ಒಂದು ಯಂತ್ರ ಸಣ್ಣ ಚೂರಿಯಿಂದ ಅಕ್ಷರದ ಆಕಾರಕ್ಕೆ ಕತ್ತರಿಸುತ್ತದೆ. ಗಾಡಿ ಲಿಂಗದಹಳ್ಳಿಯಲ್ಲಿರುತ್ತದೆ, ಯಂತ್ರ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಇರುತ್ತದೆ. ನಡುವೆ ಓಡಾಡುವುದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮಾತ್ರ. ಹಾಗಾಗಿ ಅಂಗಡಿಯವನಿಗೆ ಗಾಡಿಯ ಪಕ್ಕ, ಮುಂದೆ, ಹಿಂದೆ, ಎಲ್ಲದರ ಅಳತೆ ಸಹಿತವಾದ ನಕ್ಷೆ ಬೇಕು. ಅವರು ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರೆ, ನಾವು ಅಳತೆ ನಕ್ಷೆ ಎನ್ನೋಣ. ದರ್ಜಿಗೆ ಅಂಗಿಯ ಅಳತೆ ಬರೆದುಕೊಂಡ ಚೀಟಿ ಇದ್ದ ಹಾಗೆ ಇದು. ಚೀಟಿ ಸರಿಯಿದ್ದರೆ ಬಟ್ಟೆ ತೊಡುವವನು ಎದುರಿಗೆ ಇರಬೇಕಾಗಿಲ್ಲ. ಚೀಟಿ ಬೇರೆಯವನದಾದರೆ?

ಹಾಗೇ ಆದ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಸುತ್ತಿನ ಒಂದು ಶಾಲೆಯವರು ಮಕ್ಕಳನ್ನು ಕರೆತರಲು ಹಳೆಯ ಮಾರುತಿ ಓಮ್ನಿ ವ್ಯಾನು ಕೊಂಡರು. ಹೆಸರು ಬರೆಸಲು ಪಟ್ಟಣದ ಅಂಗಡಿಯೊಂದಕ್ಕೆ ಹೇಳಿ ಕಳಿಸಿದರು. ಅಂಗಡಿಯವರ ಕಂಪ್ಯೂಟರಿನಲ್ಲಿ ಇದ್ದುದು ಈಕೋ ವ್ಯಾನಿನ ಸಿದ್ಧ ನಕ್ಷೆ. ಎರಡೂ ಮಾರುತಿಯವೇ, ಎರಡೂ ಡಬ್ಬಿಯ ಆಕಾರದವೇ, ಅಷ್ಟು ಸಾಕೆಂದುಕೊಂಡರೋ ಏನೋ. ಆದರೆ ಓಮ್ನಿಯ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇರುವ ದೂರ 1840 ಮಿಲಿಮೀಟರು, ಈಕೋದಲ್ಲಿ ಅದು 2350. ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ! ಬಂದ ಅಕ್ಷರಗಳನ್ನು ಹೇಗೋ ಒತ್ತೊತ್ತಾಗಿ ಅಂಟಿಸಿದರು. ಶಾಲೆಯ ಹೆಸರಿನ ಒಂದು ಅಕ್ಷರ ಬಾಗಿಲ ಸಂದಿಗೆ ಬಿದ್ದು ಎರಡು ಹೋಳಾಯಿತು. ಫೋನ್ ನಂಬರು ಹಿಂಬದಿಯ ತಗಡಿಗೆ ಹೋಯಿತು.

ಅಲ್ಲಿಗೆ ಹೋದದ್ದೇ ತೊಂದರೆ. ಓಮ್ನಿಯ ನಡುವಿನ ಬಾಗಿಲು ಕೀಲಿನ ಮೇಲೆ ತೆರೆಯುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಜಾರಿದ ಬಾಗಿಲು ಹಿಂಬದಿಯ ತಗಡನ್ನು ಹೊರಗಿನಿಂದ ಮುಚ್ಚುತ್ತದೆ. ಅಂದರೆ ಮಕ್ಕಳು ಹತ್ತಿ ಇಳಿಯುವಾಗ, ತಂದೆತಾಯಿ ರಸ್ತೆಯ ಪಕ್ಕ ನಿಂತು ನೋಡುತ್ತಿರುವಾಗ, ಆ ನಂಬರು ಕಾಣುವುದೇ ಇಲ್ಲ. ಶಾಲೆಯ ವಾಹನದ ಮೇಲೆ ಶಾಲೆಯ ಹೆಸರು, ಫೋನ್ ಸಂಖ್ಯೆ ಇರಬೇಕೆಂದು ನಿಯಮ ಮಾಡಿದ್ದು ಅಲಂಕಾರಕ್ಕಲ್ಲ. ವ್ಯಾನು ದಾರಿಯಲ್ಲಿ ಕೆಟ್ಟು ನಿಂತಾಗ, ಮಗುವೊಂದು ತಪ್ಪಿ ಬೇರೆ ನಿಲ್ದಾಣದಲ್ಲಿ ಇಳಿದಾಗ, ಚಾಲಕ ಅತಿ ವೇಗವಾಗಿ ಓಡಿಸುತ್ತಿದ್ದಾಗ, ಕಂಡವರು ಯಾರಾದರೂ ಆ ನಂಬರಿಗೆ ಹೇಳಲಿ ಎಂದು. ಬೇಕಾದ ಹೊತ್ತಿಗೆ ಮರೆಯಾಗುವ ನಂಬರು ಇದ್ದೇನು ಫಲ? ಕೊನೆಗೆ ಎಲ್ಲವನ್ನೂ ಕಿತ್ತು, ಮತ್ತೆ ಹಣ ಕೊಟ್ಟು, ಹೊಸದಾಗಿ ಹಾಕಿಸಬೇಕಾಯಿತು.

ಇಷ್ಟೆಲ್ಲ ಆಗುವ ಮೊದಲು ಆ ಶಾಲೆಯ ಹತ್ತನೇ ತರಗತಿಯ ನಾಲ್ವರು ಮಕ್ಕಳಿಗೆ ಒಂದು ಮೊಬೈಲು, ಒಂದು ಟೇಪು, ಒಂದು ಸ್ಕೇಲು ಕೊಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಸರಿಯಾದ ನಕ್ಷೆ ಸಿದ್ಧವಾಗುತ್ತಿತ್ತು. ಹೇಗೆಂದು ನೋಡೋಣ.

ಸೂಜಿರಂಧ್ರ ಕ್ಯಾಮೆರಾ ನೆನಪಿದೆಯಲ್ಲವೇ? ವಸ್ತುವಿನಿಂದ ಹೊರಟ ಬೆಳಕು ನೇರ ಗೆರೆಯಲ್ಲಿ ಬಂದು, ರಂಧ್ರದಲ್ಲಿ ಅಡ್ಡಹಾಯ್ದು, ಹಿಂದಿನ ಪರದೆಯ ಮೇಲೆ ತಲೆಕೆಳಗಾದ ಚಿತ್ರ ಮೂಡಿಸುತ್ತದೆ. ರಂಧ್ರದ ಈಚೆ ಒಂದು ತ್ರಿಭುಜ, ಆಚೆ ಒಂದು ತ್ರಿಭುಜ, ಎರಡೂ ಸಮರೂಪ. ಮೊಬೈಲಿನಲ್ಲಿ ರಂಧ್ರದ ಬದಲು ಮಸೂರ ಇರಬಹುದು, ಲೆಕ್ಕ ಮಾತ್ರ ಅದೇ. ಕ್ಯಾಮೆರಾಕ್ಕೆ ನೇರ ಎದುರಾಗಿರುವ ಒಂದು ಸಮತಟ್ಟಾದ ಮೈ ಇದ್ದರೆ, ಅದರ ಮೇಲಿನ ಎಲ್ಲ ಉದ್ದಗಳೂ ಫೋಟೋದಲ್ಲಿ ಒಂದೇ ಅನುಪಾತದಲ್ಲಿ ಚಿಕ್ಕದಾಗುತ್ತವೆ. ಆದುದರಿಂದ ಯಾವುದಾದರೂ ಒಂದು ಉದ್ದದ ನಿಜವಾದ ಅಳತೆ ಗೊತ್ತಿದ್ದರೆ ಸಾಕು, ಉಳಿದೆಲ್ಲವನ್ನೂ ಸ್ಕೇಲು ಹಿಡಿದು ಓದಬಹುದು.

ಆ ಒಂದು ಅಳತೆ ಎಲ್ಲಿ ಸಿಗುತ್ತದೆ? ನಿಮ್ಮ ಮನೆಯ ಬೀರುವಿನಲ್ಲೇ ಇದ್ದೀತು. ವಾಹನದ ಆರ್.ಸಿ. ತೆಗೆದು ನೋಡಿ. ಅದರಲ್ಲಿ ವೀಲ್‌ಬೇಸ್ ಎಂದು ಮಿಲಿಮೀಟರಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಗಾಲಿಗಳ ನಡುವಿನ ದೂರ ಎಂದರೆ ಅದೇ. ಓಮ್ನಿಗೆ 1840, ಟಾಟಾ ಏಸ್‌ನ ಮೊದಲ ಮಾದರಿಗೆ 2100. ನಕ್ಷೆಯ ಪ್ರಮಾಣವನ್ನು 1:20 ಎಂದು ಇಟ್ಟುಕೊಂಡರೆ ಕಾಗದದ ಮೇಲೆ ಓಮ್ನಿಯ ಗಾಲಿಯಂತರ 92 ಮಿ.ಮೀ., ಏಸ್‌ನದು 105 ಮಿ.ಮೀ. 3370 ಮಿ.ಮೀ. ಉದ್ದದ ಇಡೀ ಓಮ್ನಿ ಹದಿನೇಳು ಸೆಂಟಿಮೀಟರಿನೊಳಗೆ, ನೋಟ್ ಬುಕ್ಕಿನ ಒಂದು ಪುಟದಲ್ಲಿ ಮಲಗುತ್ತದೆ. ಹನ್ನೆರಡು ಮೀಟರಿನ ಬಸ್ಸಿಗಾದರೆ 60 ಸೆಂ.ಮೀ. ಬೇಕು, ಅದಕ್ಕೆ ಪೂರ್ತಿ ಡ್ರಾಯಿಂಗ್ ಹಾಳೆಯೇ ಸರಿ.

ಫೋಟೋ ಪ್ರಿಂಟು ಹಾಕಿಸಿದಾಗ ಗಾಲಿಯಂತರ ಸರಿಯಾಗಿ 92 ಬರುವುದು ಅಪರೂಪ. 74 ಬಂತೆಂದುಕೊಳ್ಳಿ. 92ನ್ನು 74ರಿಂದ ಭಾಗಿಸಿದರೆ 1.24. ಜೆರಾಕ್ಸ್ ಅಂಗಡಿಗೆ ಹೋಗಿ ನೂರಾ ಇಪ್ಪತ್ನಾಲ್ಕು ಪರ್ಸೆಂಟಿಗೆ ದೊಡ್ಡದು ಮಾಡಿಕೊಡಿ ಎಂದರೆ ಆಯಿತು. ಹೊರಗೆ ಬಂದ ಹಾಳೆಯನ್ನು ಅಲ್ಲೇ ಮತ್ತೊಮ್ಮೆ ಅಳೆಯಿರಿ. ಪ್ರಿಂಟರು ಕಾಗದಕ್ಕೆ ಹೊಂದಿಸುತ್ತೇನೆಂದು ತನ್ನಷ್ಟಕ್ಕೆ ಚಿತ್ರವನ್ನು ಕುಗ್ಗಿಸುವುದುಂಟು.

ಗಾಲಿಯಂತರವನ್ನೇ ಏಕೆ ಹಿಡಿಯಬೇಕು, ಟೈರಿನ ಅಳತೆ ಸಾಲದೆ ಎಂದು ಬುದ್ಧಿವಂತ ಹುಡುಗನೊಬ್ಬ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಟೈರಿನ ಮೇಲೆ 145/80 ಆರ್ 12 ಎಂದಿದ್ದರೆ ಟೈರಿನ ಅಗಲ 145 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 80 ಪಾಲು ಅಂದರೆ 116 ಮಿ.ಮೀ., ಒಳಗಿನ ಚಕ್ರ 12 ಅಂಗುಲ ಅಂದರೆ ಸುಮಾರು 305 ಮಿ.ಮೀ. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಟೈರಿನ ವ್ಯಾಸ 537. ಇದೂ ಗೊತ್ತಿರುವ ಅಳತೆಯೇ. ಆದರೆ 1:20ರಲ್ಲಿ ಅದು 27 ಮಿ.ಮೀ. ಮಾತ್ರ. ನಮ್ಮ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರು ಹೆಚ್ಚು ಕಡಿಮೆ ಓದುವುದು ಸಹಜ. 27ರಲ್ಲಿ ಅರ್ಧ ತಪ್ಪಿದರೆ ಇಡೀ ಗಾಡಿಯ ಉದ್ದದಲ್ಲಿ ಆರು ಸೆಂಟಿಮೀಟರು ತಪ್ಪುತ್ತದೆ. 92ರಲ್ಲಿ ಅದೇ ಅರ್ಧ ತಪ್ಪಿದರೆ ಎರಡು ಸೆಂಟಿಮೀಟರಿನೊಳಗೆ ಇರುತ್ತೇವೆ. ಗೊತ್ತಿರುವ ಅಳತೆಗಳಲ್ಲಿ ಅತಿ ಉದ್ದದ್ದನ್ನು ಆರಿಸಿಕೊಳ್ಳಬೇಕು ಎನ್ನುವುದು ಇದರಿಂದಲೇ. ಜೊತೆಗೆ ಟೈರು ಗಾಡಿಯ ಭಾರಕ್ಕೆ ಕೆಳಗೆ ಚಪ್ಪಟೆಯಾಗಿರುತ್ತದೆ. ಅಳೆಯಲೇಬೇಕಾದರೆ ಅಡ್ಡಡ್ಡ ಅಳೆಯಿರಿ, ಉದ್ದುದ್ದ ಬೇಡ.

ಇದೇ ವಿಚಾರವನ್ನು ನಮ್ಮ ನಾಡಿನಲ್ಲಿ ಒಬ್ಬ ಮಹಾಶಯ ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸರ್ವೆ ಅಧಿಕಾರಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದೇ ಒಂದು ಗೆರೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅತಿ ಜಾಗ್ರತೆಯಾಗಿ ಅಳೆದ. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆಯುತ್ತಾ ಹೋಗಿ, ತ್ರಿಭುಜಗಳ ಲೆಕ್ಕದಿಂದಲೇ ದೂರಗಳನ್ನು ಕಂಡುಹಿಡಿದ. ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಅಲ್ಲಿಂದ ದಾರಿಯಾಯಿತು. ಏಳೂವರೆ ಮೈಲಿ ಸರಿಯಾಗಿ ಅಳೆದದ್ದರಿಂದ ನೂರಾರು ಮೈಲಿಯನ್ನು ಸರಪಳಿ ಎಳೆಯದೆ ಅಳೆಯಲು ಬಂತು. ನಮ್ಮ ವ್ಯಾನಿಗೆ ಗಾಲಿಯಂತರವೇ ಆ ಬೆಂಗಳೂರಿನ ಗೆರೆ.

ಫೋಟೋದಿಂದಲೇ ಅಳೆಯುವ ಯೋಚನೆಗೂ ಒಂದು ಕಥೆಯಿದೆ. 1858ರಲ್ಲಿ ಜರ್ಮನಿಯ ವೆಟ್ಸ್ಲಾರ್ ಊರಿನ ಚರ್ಚಿನ ಗೋಡೆಯನ್ನು ಹತ್ತಿ ಅಳತೆ ತೆಗೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ ಕಾಲು ಜಾರಿ ಬೀಳುವುದರಲ್ಲಿದ್ದನಂತೆ. ಗೋಡೆ ಹತ್ತುವ ಬದಲು ಅದರ ಫೋಟೋವನ್ನೇ ಅಳೆದರಾಗದೆ ಎಂದು ಅವನಿಗೆ ಹೊಳೆಯಿತು. ಫೋಟೋಗ್ರಾಮೆಟ್ರಿ ಎಂಬ ಹೆಸರು ಬಂದದ್ದೂ ಅವನಿಂದಲೇ. ವಿಮಾನದಿಂದ ಫೋಟೋ ತೆಗೆದು ನಕ್ಷೆ ಮಾಡುವುದೂ ಈ ಶಾಸ್ತ್ರದ ಮುಂದುವರಿಕೆಯೇ.

ಇನ್ನು ಕಷ್ಟದ ಭಾಗಕ್ಕೆ ಬರೋಣ. ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಅಳತೆಯ ವಿಷಯದಲ್ಲಿ ಅದು ಹೇಳುವಷ್ಟು ಸುಳ್ಳನ್ನು ಮತ್ತಾರೂ ಹೇಳಲಾರರು. ಮದುವೆಯ ಗ್ರೂಪ್ ಫೋಟೋದಲ್ಲಿ ಅಂಚಿನಲ್ಲಿ ನಿಂತ ಸೋದರಮಾವ ಇದ್ದಕ್ಕಿದ್ದಂತೆ ದಪ್ಪಗಾಗಿ ಕಾಣುವುದನ್ನು ನೋಡಿಲ್ಲವೇ? ವ್ಯಾನಿಗೂ ಹಾಗೆಯೇ ಆಗುತ್ತದೆ.

ಮೊದಲನೆಯ ಸುಳ್ಳು ಹತ್ತಿರದಿಂದ ಹುಟ್ಟುತ್ತದೆ. ವ್ಯಾನಿನ ಪಕ್ಕ ನಿಜವಾಗಿ ಗೋಡೆಯಂತೆ ಸಮತಟ್ಟಲ್ಲ. ಕನ್ನಡಿ ಹೊರಕ್ಕೆ ಚಾಚಿದೆ, ಗಾಜಿನ ಮೇಲಂಚು ಒಳಕ್ಕೆ ಬಾಗಿದೆ, ಗಾಲಿಯೂ ತಗಡಿಗಿಂತ ತುಸು ಒಳಗೇ ಇದೆ. ಕನ್ನಡಿ ಹದಿನೈದು ಸೆಂಟಿಮೀಟರು ಹೊರಗಿದೆ ಎನ್ನಿ. ನೀವು ಮೂರು ಮೀಟರು ದೂರದಲ್ಲಿ ನಿಂತರೆ ಕನ್ನಡಿ ನಿಮಗೆ 2.85 ಮೀಟರಿನಲ್ಲಿದೆ, ತಗಡು 3 ಮೀಟರಿನಲ್ಲಿದೆ. ಹಾಗಾಗಿ ಕನ್ನಡಿ ನೂರಕ್ಕೆ ಐದರಷ್ಟು ದೊಡ್ಡದಾಗಿ ಬೀಳುತ್ತದೆ. ಅಷ್ಟೇ ಒಳಗಿರುವ ಗಾಜಿನಂಚು ಅಷ್ಟೇ ಚಿಕ್ಕದಾಗುತ್ತದೆ. ಹನ್ನೆರಡು ಮೀಟರು ಹಿಂದೆ ಸರಿದರೆ ಇದೇ ವ್ಯತ್ಯಾಸ ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯುತ್ತದೆ. ದೂರ ನಾಲ್ಕು ಪಟ್ಟಾದರೆ ತಪ್ಪು ಸುಮಾರು ಕಾಲು ಪಾಲಾಯಿತು. ಹೀಗೆ ದೂರ ಹೋದಾಗ ವ್ಯಾನು ಫೋಟೋದಲ್ಲಿ ಪುಟ್ಟದಾಗುತ್ತದೆಂದು ಮೊಬೈಲಿನ ಎರಡು ಪಟ್ಟು, ಮೂರು ಪಟ್ಟು ಜೂಮ್ ಬಳಸಬಹುದು. ಆದರೆ ಒಂದು ಮಾತು ನೆನಪಿರಲಿ: ಸುಳ್ಳನ್ನು ಕಡಿಮೆ ಮಾಡಿದ್ದು ಜೂಮ್ ಅಲ್ಲ, ನಿಮ್ಮ ಕಾಲು. ನಿಂತಲ್ಲೇ ನಿಂತು ಜೂಮ್ ಒತ್ತಿದರೆ ತಪ್ಪೂ ಜೊತೆಯಲ್ಲೇ ದೊಡ್ಡದಾಗುತ್ತದೆ, ಅಷ್ಟೇ. ಇದು ಫೋಟೋಗ್ರಾಫರುಗಳಲ್ಲೂ ಅನೇಕರಿಗೆ ಗೊತ್ತಿಲ್ಲದ ಸಂಗತಿ.

ಹನ್ನೆರಡು ಮೀಟರು ಎಂದರೆ ಹದಿನೈದು ದೊಡ್ಡ ಹೆಜ್ಜೆ. ಶಾಲೆಯ ಆಟದ ಬಯಲಿನಲ್ಲಿ ಅದಕ್ಕೇನು ಬರ? ನೆಲ ಸಮವಾಗಿರಲಿ. ಮೊಬೈಲನ್ನು ವ್ಯಾನಿನ ಅರ್ಧ ಎತ್ತರಕ್ಕೆ, ಅಂದರೆ ಸುಮಾರು 80 ಸೆಂಟಿಮೀಟರಿಗೆ ಹಿಡಿಯಬೇಕು. ತರಗತಿಯ ಒಂದು ಡೆಸ್ಕನ್ನು ಹೊರಗೆ ತಂದು ಅದರ ಮೇಲೆ ಇಟ್ಟರೆ ಕೈಯೂ ನಡುಗುವುದಿಲ್ಲ. ನಿಂತು ಕೆಳಗೆ ಬಾಗಿಸಿ ತೆಗೆದರೆ ವ್ಯಾನಿನ ಕೆಳಭಾಗ ಕಿರಿದಾಗಿ ಬರುತ್ತದೆ. ವ್ಯಾನು ಚಿತ್ರದ ನಡುಭಾಗದಲ್ಲಿರಲಿ, ಅಂಚಿನತ್ತ ಹೋದಷ್ಟೂ ಕೆಲವು ಮಸೂರಗಳಲ್ಲಿ ನೇರ ಗೆರೆ ಪೀಪಾಯಿಯ ಹೊಟ್ಟೆಯಂತೆ ಉಬ್ಬುತ್ತದೆ.

ಎರಡನೆಯ ಸುಳ್ಳು ಓರೆಯಿಂದ ಹುಟ್ಟುತ್ತದೆ. ಇದು ಹೆಚ್ಚು ಕಳ್ಳತನದ್ದು. ನೀವು ವ್ಯಾನಿಗೆ ಸರಿಯಾಗಿ ಲಂಬವಾಗಿ ನಿಂತಿದ್ದೀರೆಂದು ಭಾವಿಸಿರುತ್ತೀರಿ, ನಿಜದಲ್ಲಿ ಐದು ಡಿಗ್ರಿ ಓರೆಯಾಗಿರುತ್ತೀರಿ. ಗಾಲಿ ದುಂಡಗೆ ಕಾಣುತ್ತದೆಯಲ್ಲ, ಹಾಗಾದರೆ ಓರೆಯಿಲ್ಲ ಎಂದು ಸಮಾಧಾನಪಟ್ಟುಕೊಂಡರೆ ಮೋಸ ಹೋದಿರಿ. ಐದು ಡಿಗ್ರಿಯ ಕೊಸೈನ್ 0.996. ಗಾಲಿ ಅಡ್ಡಕ್ಕೆ ಕುಗ್ಗುವುದು ಸಾವಿರಕ್ಕೆ ನಾಲ್ಕು ಪಾಲು, ಯಾರ ಕಣ್ಣಿಗೂ ಬೀಳದು. ಬದಲಿಗೆ ಮುಂದಿನ ಗಾಲಿಯನ್ನೂ ಹಿಂದಿನ ಗಾಲಿಯನ್ನೂ ಅಳೆದು ಹೋಲಿಸಿ. ಆರು ಮೀಟರು ದೂರದಿಂದ ಐದು ಡಿಗ್ರಿ ಓರೆಯಾಗಿ ತೆಗೆದರೆ ಒಂದು ಗಾಲಿ ನಿಮಗೆ ಎಂಟು ಸೆಂಟಿಮೀಟರು ಹತ್ತಿರವಾಗುತ್ತದೆ, ಇನ್ನೊಂದು ಅಷ್ಟೇ ದೂರವಾಗುತ್ತದೆ. ಐದು ಡಿಗ್ರಿಯ ಸೈನ್ 0.087, ಅರ್ಧ ಗಾಲಿಯಂತರ 0.92 ಮೀಟರು, ಗುಣಿಸಿ ನೋಡಿ. ಫಲವಾಗಿ ಒಂದು ಗಾಲಿ ಇನ್ನೊಂದಕ್ಕಿಂತ ನೂರಕ್ಕೆ 2.7ರಷ್ಟು ದೊಡ್ಡದಾಗಿ ಬೀಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಗಾಲಿಯನ್ನು ಹತ್ತು ಸೆಂಟಿಮೀಟರಿನಷ್ಟು ಹಿಗ್ಗಿಸಿ ಅಳೆದರೆ ಹೆಚ್ಚು ಕಡಿಮೆ ಮೂರು ಮಿಲಿಮೀಟರಿನ ವ್ಯತ್ಯಾಸ! ಅದು ಯಾರಿಗೂ ಕಾಣುತ್ತದೆ. ಎರಡು ಗಾಲಿ ಸಮ ಬರುವ ತನಕ ಆಚೀಚೆ ಸರಿದು ಮತ್ತೆ ಮತ್ತೆ ಫೋಟೋ ತೆಗೆಯಿರಿ. ಸಣ್ಣ ಕೋನಗಳಲ್ಲಿ ಕೊಸೈನ್ ಹೆಚ್ಚು ಕಡಿಮೆ ಕದಲದೆ ಕೂರುತ್ತದೆ, ಸೈನ್ ಓಡುತ್ತದೆ ಎಂದು ನಾವು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹತ್ತದ್ದು ಈ ಎರಡು ಗಾಲಿಗಳಿಂದ ತಲೆಗೆ ಹತ್ತುತ್ತದೆ.

ಇಷ್ಟಾದ ಮೇಲೆ ಫೋಟೋದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಚೂಪಾದ ಪೆನ್ಸಿಲಿನಿಂದ ಗೆರೆ ಎಳೆಯುವುದು. ಹೊರ ಆಕಾರವನ್ನು ಚೆಂದವಾಗಿ ಬರೆದು ಬಾಗಿಲ ಸಂದು ಮರೆಯುವವರೇ ಹೆಚ್ಚು. ಸ್ಟಿಕ್ಕರು ಹಾಕುವವನಿಗೆ ಹೊರ ಆಕಾರಕ್ಕಿಂತ ಮುಖ್ಯವಾದದ್ದು ಸಂದು, ಬಾಗಿಲ ಹಿಡಿ, ಬಾಗಿಲು ಜಾರುವ ಹಳಿ, ಇಂಧನದ ಮುಚ್ಚಳ, ಗಾಜಿನ ರಬ್ಬರಿನ ಅಂಚು, ಇಂಥವು. ಜಾರುವ ಬಾಗಿಲಿದ್ದರೆ ಅದು ಪೂರ್ತಿ ತೆರೆದಾಗ ಎಲ್ಲಿಯವರೆಗೆ ಬರುತ್ತದೆ ಎನ್ನುವುದನ್ನು ಚುಕ್ಕೆ ಗೆರೆಯಲ್ಲಿ ತೋರಿಸಬೇಕು. ಆ ಚುಕ್ಕೆ ಗೆರೆಯೊಂದು ಇದ್ದಿದ್ದರೆ ಮೇಲೆ ಹೇಳಿದ ಶಾಲೆಯವರ ಫೋನ್ ನಂಬರು ಕೀಲಿನ ಮೇಲೆ ತೆರೆಯುವ ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ಇನ್ನೊಂದು ಪಕ್ಕವನ್ನು ಇದೇ ನಕ್ಷೆ ಮಗುಚಿ ಮಾಡಿಕೊಳ್ಳುತ್ತೇನೆ ಎನ್ನಬೇಡಿ. ಇಂಧನದ ಮುಚ್ಚಳ ಒಂದೇ ಪಕ್ಕದಲ್ಲಿರುತ್ತದೆ, ಎರಡು ಪಕ್ಕಕ್ಕೂ ಬೇರೆ ಬೇರೆ ಫೋಟೋ ಬೇಕು.

ಮುಂದೆ, ಹಿಂದೆ ತೆಗೆದ ಫೋಟೋಕ್ಕೆ ಗಾಲಿಯಂತರ ಸಿಗದು. ಅಲ್ಲಿ ಗಾಡಿಯ ಅಗಲ ಹಿಡಿಯಬೇಕು, ಓಮ್ನಿಗೆ 1410 ಮಿ.ಮೀ. ನಂಬರ್ ಪ್ಲೇಟನ್ನೂ ನೋಡಬಹುದು: ಕಾರುಗಳಿಗೆ 500ಕ್ಕೆ 120 ಅಥವಾ 340ಕ್ಕೆ 200 ಮಿ.ಮೀ., ಸ್ಕೂಟರು ಬೈಕುಗಳಿಗೆ 200ಕ್ಕೆ 100 ಎಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಗೊತ್ತುಮಾಡಿವೆ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕವೇ ಬರುತ್ತಿರುವುದರಿಂದ ಗಾತ್ರದಲ್ಲಿ ಮನಸೋ ಇಚ್ಛೆ ನಡೆಯುವುದು ತಪ್ಪಿದೆ. ಆದರೆ ಪ್ಲೇಟು ಚಿಕ್ಕದು, ಟೈರಿಗೆ ಹೇಳಿದ ಮಾತು ಇದಕ್ಕೂ ಸಲ್ಲುತ್ತದೆ. ಮೊದಲನೆಯ ಅಳತೆಯಾಗಿ ಬೇಡ, ತಾಳೆ ನೋಡಲು ಇರಲಿ.

ಫೋಟೋ ಎಂದಿಗೂ ಕೊಡಲಾರದ ಒಂದು ಅಳತೆಯಿದೆ. ಇಳಿಜಾರಾದ ಮೈಯ ನಿಜವಾದ ಉದ್ದ. ವ್ಯಾನಿನ ಮುಖ ಹಿಂದಕ್ಕೆ ಒರಗಿದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಅದರ ನೆರಳಿನಷ್ಟು ಎತ್ತರ ಮಾತ್ರ ಸಿಗುತ್ತದೆ, ಸ್ಟಿಕ್ಕರು ಅಂಟುವುದು ಇಳಿಜಾರಿನ ಮೇಲೆ. ಮೈ 15 ಡಿಗ್ರಿ ಒರಗಿದ್ದರೆ ಫೋಟೋದಲ್ಲಿ 400 ಮಿ.ಮೀ. ಎಂದು ಕಂಡದ್ದು ನಿಜದಲ್ಲಿ 414. ಇಂಥ ಕಡೆ ದರ್ಜಿಯ ಟೇಪನ್ನೇ ಮೈಗೆ ಒತ್ತಿ ಅಳೆದು ನಕ್ಷೆಯ ಪಕ್ಕ ಬರೆಯುವುದು ಮರ್ಯಾದೆಯ ದಾರಿ. ಹಾಗೆ ನೋಡಿದರೆ ಎಲ್ಲ ನಕ್ಷೆಯನ್ನೂ ಟೇಪು ಹಿಡಿದು ಎರಡು ಮೂರು ಕಡೆ ತಾಳೆ ನೋಡಲೇಬೇಕು. ಬಾಗಿಲ ಅಗಲ ನಕ್ಷೆಯಲ್ಲಿ ಎಷ್ಟು, ಗಾಡಿಯಲ್ಲಿ ಎಷ್ಟು? ಒಂದು ಸೆಂಟಿಮೀಟರಿನೊಳಗೆ ಕೂಡಿ ಬಂದರೆ ಭೇಷ್.

ನಕ್ಷೆ ಸಿದ್ಧವಾಯಿತು, ಅಕ್ಷರ ಇನ್ನು. ಇಲ್ಲಿ ಕನ್ನಡಿಗರಾದ ನಮಗೆ ಒಂದು ಹೆಚ್ಚಿನ ಜವಾಬ್ದಾರಿಯಿದೆ. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಾಗಿ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ನಮ್ಮ ಬರಹ ಮೂರಂತಸ್ತಿನ ಮನೆ. ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. 'ಲಕ್ಷ್ಮಿ' ಎಂದು ಬರೆದರೆ ಒಂದು ಒತ್ತಿನ ಜೊತೆಗೆ ಇನ್ನೊಂದು ಒತ್ತು. 'ವಿದ್ಯಾಸಂಸ್ಥೆ' ಎಂದರೂ ಕೆಳಗೆ ಜಾಗ ಬೇಕು. ಹದಿನೈದು ಸೆಂಟಿಮೀಟರಿನ ಪಟ್ಟಿಯಲ್ಲಿ ಬರೆಯಹೊರಟರೆ ಮುಖ್ಯ ಅಕ್ಷರಕ್ಕೆ ಅರ್ಧಕ್ಕಿಂತ ಹೆಚ್ಚು ಸಿಗುವುದಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯದ ಅಂಗಡಿಗಳಲ್ಲಿ ಒತ್ತನ್ನು ಇರುವೆಯಷ್ಟು ಮಾಡುತ್ತಾರೆ, ಇಲ್ಲವೇ ಇಡೀ ಸಾಲನ್ನು ಅಡ್ಡಕ್ಕೆ ಎಳೆದು ಚಪಾತಿ ಮಾಡುತ್ತಾರೆ. ಮೊಬೈಲಿನಲ್ಲಿ ಕಳಿಸಿದ ಬರಹ ಅಂಗಡಿಯ ಕಂಪ್ಯೂಟರಿಗೆ ಹೋಗುವಾಗ ಒತ್ತಕ್ಷರ ಪಕ್ಕಕ್ಕೆ ಜಾರುವುದೂ ಉಂಟು. ಕತ್ತರಿಸುವ ಮುನ್ನ ಒಮ್ಮೆ ಕಾಗದದ ಮೇಲೆ ತೋರಿಸಿ ಎಂದು ಕೇಳಿ, ನಿಮ್ಮ ಕನ್ನಡ ಮೇಷ್ಟ್ರ ಕಣ್ಣಿಗೂ ಹಾಕಿ.

ಅಕ್ಷರ ಎಷ್ಟು ದೊಡ್ಡದಿರಬೇಕು? ಕಣ್ಣಿನ ಡಾಕ್ಟರ ಕೋಣೆಯ ಫಲಕದಲ್ಲಿ ಆರು ಮೀಟರು ದೂರದಿಂದ ಒಳ್ಳೆಯ ಕಣ್ಣು ಓದುವ ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿ.ಮೀ. ಮೂವತ್ತು ಮೀಟರಿಗೆ ಅದರ ಐದು ಪಟ್ಟು, 44 ಮಿ.ಮೀ. ಇದು ನಿಂತ ಫಲಕ, ಒಳ್ಳೆಯ ಬೆಳಕು, ಸರಳ ಅಕ್ಷರ, ಆರೋಗ್ಯವಂತ ಕಣ್ಣು ಎಲ್ಲ ಸೇರಿದಾಗಿನ ಮಾತು. ಓಡುವ ವ್ಯಾನಿಗೆ, ಸಂಜೆಯ ಬೆಳಕಿಗೆ, ಅಜ್ಜನ ಕನ್ನಡಕಕ್ಕೆ ಅಂಕಿಗಳಾದರೆ ಇದರ ಎರಡು ಪಟ್ಟು, ಕನ್ನಡದ ಅಕ್ಷರಗಳಿಗೆ ಮೂರು ಪಟ್ಟು ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಕ್ಷರದ ಎತ್ತರ ಎರಡು ಪಟ್ಟಾದರೆ ಹಾಳೆ ನಾಲ್ಕು ಪಟ್ಟು ಬೇಕಾಗುತ್ತದೆ, ಖರ್ಚು ಯಾಕೆ ಏರಿತೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ. ಗಾಜಿನ ಮೇಲೆ ಮಾತ್ರ ಜಾಗವಿದೆಯೆಂದು ಅಂಟಿಸಲು ಹೋಗಬೇಡಿ. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಕಪ್ಪು ಫಿಲಂ ಬೇಡವೆಂದದ್ದು ಒಳಗಿರುವುದು ಹೊರಗೆ ಕಾಣಲಿ ಎಂದೇ. ಮಕ್ಕಳ ವ್ಯಾನಿಗಂತೂ ಇದು ಇನ್ನೂ ಮುಖ್ಯ.

ತಂದೆತಾಯಿಗಳಿಗೆ ಒಂದು ಮಾತು ಹೇಳಬೇಕು. ಗಾಡಿಗೆ ಬರೆಯುವುದು ಓದು ಹತ್ತದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರು ಬಿಟ್ಟಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಕೆಲಸದಲ್ಲೇ ಇದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂತವನು. ಈಗ ಅವನು ಬಸ್ಸಿನ ಫೋಟೋ ನೋಡಿದ ಕೂಡಲೇ ಇದು ಓರೆ, ಅದು ಹತ್ತಿರದ್ದು ಎಂದು ಹೇಳುತ್ತಾನೆ, ಅನುಪಾತವನ್ನು ಬಾಯಲ್ಲೇ ಹಾಕುತ್ತಾನೆ. ಥೇಲ್ಸನ ಪ್ರಮೇಯವನ್ನು ಸಾಧಿಸಿ ತೋರಿಸು ಎಂದರೆ ಇವತ್ತಿಗೂ ತಲೆ ಕೆರೆದುಕೊಂಡಾನು. ಅವನು ಓದುವಾಗ ಪ್ರಮೇಯದ ಪಕ್ಕ ಒಂದು ವ್ಯಾನನ್ನು ನಿಲ್ಲಿಸಿದ್ದರೆ ಎರಡನೆಯ ಸಲ ಕೂರಬೇಕಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುತ್ತೇನೆಂದು ಮಗ ಅಥವಾ ಮಗಳು ಹೇಳಿದರೆ ಓದಿಗೆ ತೊಂದರೆ ಎಂದು ತಡೆಯಬೇಡಿ. ವಿನೈಲ್ ಯಂತ್ರ ಬಂದು ಕುಂಚ ಹಿಡಿದವರ ಸಂಪಾದನೆಗೆ ಪೆಟ್ಟು ಬಿದ್ದದ್ದು ನಿಜ, ಅದನ್ನು ನೋಡಿ ನನಗೂ ವ್ಯಥೆಯಾಗಿದೆ. ಆದರೆ ಯಂತ್ರ ಕತ್ತರಿಸುತ್ತದೆಯೇ ಹೊರತು ಗಾಡಿಯ ಎದುರು ನಿಂತು ಬಾಗಿಲು ಎತ್ತ ಜಾರುತ್ತದೆಂದು ನೋಡುವುದಿಲ್ಲ.

ಮಾಡಿದ ನಕ್ಷೆಯನ್ನು ಒಂದೇ ಸಲ ಬಳಸಿ ಎಸೆಯಬಾರದು. ಮೂಲೆಯಲ್ಲಿ ಗಾಡಿಯ ಹೆಸರು, ಮಾದರಿ, ಯಾವ ಪಕ್ಕ, ಪ್ರಮಾಣ, ಗಾಲಿಯಂತರ, ಟೇಪಿನಲ್ಲಿ ತಾಳೆ ನೋಡಿದ ಎರಡು ಅಳತೆ, ತಾರೀಖು ಬರೆದಿಡಿ. ಅದೇ ಮಾದರಿಯ ಇನ್ನೊಂದು ವ್ಯಾನು ಊರಿಗೆ ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದ್ದರೂ ನಮ್ಮ ಕಡೆಯ ರಸ್ತೆಗಳಲ್ಲಿ ಇನ್ನೂ ಎಷ್ಟು ಓಡುತ್ತಿವೆ, ಎಣಿಸಿ ನೋಡಿ.

ಬರುವ ಭಾನುವಾರ ಮನೆಯ ಸ್ಕೂಟರಿನಿಂದ ಆರಂಭಿಸಬಹುದು. ಪಕ್ಕದಿಂದ ಮೂರು ಮೀಟರಿಗೊಂದು, ಹನ್ನೆರಡು ಮೀಟರಿಗೊಂದು ಫೋಟೋ ತೆಗೆಯಿರಿ. ಗಾಲಿಯಂತರದಿಂದ ಪ್ರಮಾಣ ಹಿಡಿದು, ಹ್ಯಾಂಡಲಿನ ಹಿಡಿಕೆಯ ದಪ್ಪವನ್ನು ಎರಡರಲ್ಲೂ ಲೆಕ್ಕ ಹಾಕಿ, ಆಮೇಲೆ ಟೇಪಿನಲ್ಲಿ ಅಳೆದು ನೋಡಿ. ನಿಮ್ಮತ್ತ ಚಾಚಿರುವ ಹಿಡಿಕೆಯೊಂದಿಗೆ ದೂರದ ಹಿಡಿಕೆಯನ್ನೂ ಅಳೆಯಿರಿ, ಎರಡರಲ್ಲಿ ಯಾವುದು ಎಷ್ಟು ಸುಳ್ಳು ಹೇಳಿತೆಂದು ಬರೆದು ತಿಳಿಸಿ.